ಸೀಸದ ಎಂಟು

ಪಾಸ್ಟರೇಟ್ ಕಮಿಟಿಯ ಸಭೆಯಲ್ಲಿ ಕೂತಾಗ ಸೊಳ್ಳೆ ಓಡಿಸಲು ಕೈ ಎತ್ತಬಾರದು. ಈ ಜ್ಞಾನೋದಯ ನನಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಆಯಿತು. "ನಮ್ಮ ಹಳೇ ಸ್ಮಶಾನದ ಗೋರಿಗಳೆಲ್ಲ ಬಿರುಕು ಬಿಟ್ಟಿವೆ, ಈಸ್ಟರ್ ಒಳಗೆ ಏನಾದರೂ ಮಾಡಬೇಕು, ಯಾರು ವಹಿಸಿಕೊಳ್ಳುತ್ತೀರಿ?" ಎಂದು ಸಭಾಪಾಲಕರು ಕೇಳುವುದಕ್ಕೂ ನನ್ನ ಬಲಗಿವಿಯ ಹತ್ತಿರ ಒಂದು ಸೊಳ್ಳೆ ರಾಗ ಎಳೆಯುವುದಕ್ಕೂ ಸರಿಹೋಯಿತು. ಕೈ ಮೇಲೆ ಹೋಯಿತು. ಚಪ್ಪಾಳೆ ಬಿತ್ತು. ಸೊಳ್ಳೆ ತಪ್ಪಿಸಿಕೊಂಡಿತು; ನಾನು ಸಿಕ್ಕಿಬಿದ್ದೆ.

"ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಹಳೇ ಖಾತೆ ನೋಡಿದವರು. ಇವರಿಗಿಂತ ಯೋಗ್ಯರು ಬೇಕೆ?" ಎಂದು ಖಜಾಂಚಿಗಳು ಅನುಮೋದಿಸಿದರು. ಅದೂ ಒಂದು ಲೆಕ್ಕದಲ್ಲಿ ಸರಿಯೇ. ಹತ್ತು ವರ್ಷ ಯಾರೂ ಬಂದು ಕೇಳದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಿಬಿಡುವ ಕ್ರಮ ಬ್ಯಾಂಕಿನಲ್ಲಿ ಉಂಟು. ನೂರು ವರ್ಷ ಯಾರೂ ಬಂದು ಕೇಳದ ಗೋರಿಯನ್ನು ಎಲ್ಲಿಗೆ ಕಳಿಸುವುದು? ಅದು ಇದ್ದಲ್ಲೇ ಇರಬೇಕು. ನಾವೇ ಅದರ ಹತ್ತಿರ ಹೋಗಬೇಕು.

ಮನೆಗೆ ಬಂದು ಹೇಳಿದಾಗ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ನಮ್ಮ ಬಚ್ಚಲಿನ ಟೈಲ್ಸ್ ಬಿರಿದು ಎರಡು ವರ್ಷ ಆಯ್ತು. ಅದಕ್ಕೆ ಸಮಿತಿ ಯಾವಾಗ ಮಾಡ್ತೀರಿ?"

ಕಮಿಟಿಗೂ ಹೆಂಡತಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಆ ಸ್ಮಶಾನದಲ್ಲಿ ನನ್ನದೊಂದು ಹಳೇ ಸಾಲ ಬಾಕಿ ಇತ್ತು. ಅದನ್ನು ಈಗಲೇ ಹೇಳಿದರೆ ನೀವು ಮುಂದೆ ಓದಲಿಕ್ಕಿಲ್ಲ, ಅಥವಾ ಬೇರೆ ರೀತಿಯಲ್ಲಿ ಓದುತ್ತೀರಿ. ಆಮೇಲೆ ಹೇಳುತ್ತೇನೆ.

ನಮ್ಮದು ಬಾಸೆಲ್ ಮಿಶನ್ನಿನವರು ಕಟ್ಟಿದ ಕರಾವಳಿಯ ಒಂದು ಹಳೇ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ನಿನವರು ಕನ್ನಡಕ್ಕೆ 1843ರಲ್ಲಿ ಮೊದಲ ಪತ್ರಿಕೆ ಕೊಟ್ಟರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು, 1894ರಲ್ಲಿ ಕಿಟ್ಟೆಲ್ ಕೋಶ ಕೊಟ್ಟರು. ಇದೆಲ್ಲ ಶಾಲೆಯ ಪುಸ್ತಕದಲ್ಲಿ ಬರುತ್ತದೆ. ಪುಸ್ತಕದಲ್ಲಿ ಬರದೆ ಇರುವವರು ಸ್ಮಶಾನದಲ್ಲಿದ್ದಾರೆ: ಬಂದ ವರ್ಷವೇ ಜ್ವರದಲ್ಲಿ ಹೋದವರು, ಬಾಣಂತನದಲ್ಲಿ ಹೋದವರು, ಅವರ ಮಕ್ಕಳು, ಅವರ ಪಕ್ಕದಲ್ಲೇ ನಮ್ಮ ಅಜ್ಜ ಮುತ್ತಜ್ಜಂದಿರು. ಮೇಲೆ ಎರಡು ಹಲಸಿನ ಮರ, ಒಂದು ದೇವಕಣಗಿಲೆ. ಕೆಲವು ಗೋರಿಗಳ ಸುತ್ತ ಒಡೆದ ಹಂಚಿನ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ ಅಂಚು ಕಟ್ಟಿದ್ದಾರೆ. ಜೀವಮಾನವಿಡೀ ಹಂಚು ಸುಟ್ಟವರಿಗೆ ಹಂಚಿನದೇ ಬೇಲಿ.

'ಗೋರಿ' ಎಂಬುದು ಪಾರಸಿಯಿಂದ ಬಂದ ಶಬ್ದ. ಬಂದು ಎಷ್ಟು ಚೆನ್ನಾಗಿ ಒಗ್ಗಿಕೊಂಡಿತೆಂದರೆ ಮಂಗಳೂರಿನಲ್ಲಿ ಗೋರಿಗುಡ್ಡ, ಬೆಂಗಳೂರಿನಲ್ಲಿ ಗೋರಿಪಾಳ್ಯ ಎಂದು ಊರುಗಳೇ ಆದವು; ಅಲ್ಲಿ ಬದುಕಿರುವವರು ಆರಾಮವಾಗಿ ಬಾಡಿಗೆಗೆ ಇದ್ದಾರೆ. ಸತ್ತವರಿಗೆ ಕಲ್ಲು ನಿಲ್ಲಿಸುವ ಕೆಲಸವನ್ನಂತೂ ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಗದ್ದುಗೆ, ಬೃಂದಾವನ, ನಿಸಿದಿ, ಮಾಸ್ತಿಗಲ್ಲು, ವೀರಗಲ್ಲು: ಒಬ್ಬೊಬ್ಬರ ಸಾವಿಗೆ ಒಂದೊಂದು ಹೆಸರಿನ ಕಲ್ಲು. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಹಳೆಯ ಬರಹವೇ ಬೇಗೂರಿನಲ್ಲಿದೆ, ಸುಮಾರು ಕ್ರಿ.ಶ. 900ರದು, ಕಾಳಗದಲ್ಲಿ ಸತ್ತವನೊಬ್ಬನ ನೆನಪಿನದು. ಆ ಕಲ್ಲನ್ನು ಯಾರಾದರೂ ಒಗೆಯುವ ಬಂಡೆ ಮಾಡಿಕೊಂಡಿದ್ದರೆ ಮಹಾನಗರದ ಜಾತಕದಿಂದ ಕೆಲವು ಶತಮಾನಗಳೇ ತೊಳೆದುಹೋಗುತ್ತಿದ್ದವು.

ಇವುಗಳಲ್ಲಿ ನನಗೆ ಪ್ರಿಯವಾದದ್ದು ಮದ್ದೂರಿನ ಕಡೆಯ ಆತಕೂರಿನ ಕಲ್ಲು. ಕ್ರಿ.ಶ. 949-50ರದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ "ಏನು ಬೇಕು ಕೇಳು" ಎಂದಾಗ ಆ ಪುಣ್ಯಾತ್ಮ ಭೂಮಿ ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ರಾಜನ ನಾಯಿಯನ್ನು ಕೇಳಿದ. ಕಾಳಿ ಅದರ ಹೆಸರು. ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಅಲ್ಲಿಗೇ ಮುಗಿದಿದ್ದರೆ ಅದು ಕಥೆ. ಆದರೆ ಬರೆಸಿದವರು ಲೋಕ ಕಂಡವರು. ಈ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡನಾದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದೂ ಕೊನೆಗೆ ಕೆತ್ತಿಸಿಬಿಟ್ಟರು. ಸಾವಿರ ವರ್ಷದ ಹಿಂದಿನ ನಿರ್ವಹಣಾ ಒಪ್ಪಂದ! ಕಲ್ಲು ನಿಲ್ಲಿಸುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ದಿನದಿನದ ಕೆಲಸ, ದಿನದಿನದ ಕೆಲಸವನ್ನು ಮನುಷ್ಯ ಊಟಕ್ಕೆ ಗಂಟು ಹಾಕದಿದ್ದರೆ ಮರೆಯುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಇಂಥ ಕಲಮು ಇಲ್ಲ. ಇದ್ದಿದ್ದರೆ ಇಷ್ಟರಲ್ಲಿ ಅರ್ಧ ಕಮಿಟಿ ಬೊಗಳುತ್ತಿತ್ತು.

ಮೊದಲ ಶನಿವಾರ ನಾನು ಸಕಲ ಶಸ್ತ್ರಾಸ್ತ್ರ ಸಮೇತ ಹೊರಟೆ. ಎರಡು ಬಾಟಲಿ ಬಚ್ಚಲು ತೊಳೆಯುವ ಆ್ಯಸಿಡ್, ಒಂದು ಕಿಲೋ ಬ್ಲೀಚಿಂಗ್ ಪೌಡರ್, ಎರಡು ತಂತಿ ಬ್ರಷ್, ಅರ್ಧ ಚೀಲ ಸಿಮೆಂಟ್. ಹಿತ್ತಲಿನ ಹಾವಸೆಯನ್ನು ಇವೇ ಆಯುಧಗಳಿಂದ ಗೆದ್ದ ಅನುಭವ ನನಗಿತ್ತು. ಮೊದಲಿಗೆ ಒಂದು ಅಮೃತಶಿಲೆಯ ಫಲಕದ ಮೂಲೆಗೆ ಆ್ಯಸಿಡ್ ಹೊಯ್ದೆ. ಸೋಡಾ ಬಾಟಲಿ ಒಡೆದ ಹಾಗೆ ಬುಸ್ಸೆಂದು ನೊರೆ ಬಂತು. ಕೊಳೆ ಎಷ್ಟು ಚೆನ್ನಾಗಿ ಏಳುತ್ತಿದೆ ಎಂದು ನಾನು ಹಿಗ್ಗಿದೆ.

"ಸರ್, ಅದು ಕೊಳೆ ಅಲ್ಲ, ಕಲ್ಲು ಏಳ್ತಾ ಇರುವುದು!"

ಹಿಂದೆ ನಿಂತಿದ್ದವರು ಕಲ್ಲಿನ ಮೇಸ್ತ್ರಿ. ಕಾರ್ಕಳದ ಕಡೆಯವರು. ಖಜಾಂಚಿಗಳು ಕೊಟೇಶನ್ ಕೇಳಲೆಂದು ಕಳಿಸಿದ್ದರು. ಹೆಗಲ ಮೇಲೊಂದು ಬೈರಾಸು, ಕೈಯಲ್ಲೊಂದು ಹಳೇ ಪ್ಲಾಸ್ಟಿಕ್ ಚೀಲ. ಅವರು ಮಾತಾಡದೆ ಒಂದು ಕೊಡ ನೀರು ತಂದು ಆ ಮೂಲೆಗೆ ಸುರಿದರು, ಮತ್ತೊಂದು ತಂದರು, ಮತ್ತೂ ಒಂದು. ಆಮೇಲೆ ನನ್ನ ಆಯುಧಗಳನ್ನು ಒಂದೊಂದಾಗಿ ನೋಡಿ, ವೈದ್ಯರು ರೋಗಿಯ ಮನೆಯ ಮಾತ್ರೆ ಡಬ್ಬಿ ನೋಡುವಾಗ ಮಾಡುವ ಮುಖ ಮಾಡಿದರು.

ಅಮೃತಶಿಲೆಯೂ ಸುಣ್ಣದ ಸಂತಾನವೇ. ಹುಳಿ ಬಿದ್ದರೆ ಕರಗಿ ಅನಿಲವಾಗಿ ಹೋಗುತ್ತದೆ. ನಾನು ಕಂಡ ನೊರೆ ಅದೇ. ಬ್ಲೀಚಿಂಗ್ ಪೌಡರ್ ಹಾಕಿದರೆ ಅವತ್ತಿಗೆ ಬೆಳ್ಳಗಾಗುತ್ತದೆ, ಒಳಗೆ ಇಳಿದ ಉಪ್ಪು ಆಮೇಲೆ ಹರಳುಗಟ್ಟಿ ಮೇಲ್ಮೈಯನ್ನು ಸಕ್ಕರೆಯಂತೆ ಉದುರಿಸುತ್ತದೆ. ತಂತಿ ಬ್ರಷ್ ಗೀಚುತ್ತದೆ, ಗೀಚಿದಲ್ಲೆಲ್ಲ ನೀರು ನಿಂತು ಹಾವಸೆಗೆ ಹೊಸ ಸೈಟು ಸಿಗುತ್ತದೆ. ಇಷ್ಟನ್ನೂ ಮೇಸ್ತ್ರಿ ರಸಾಯನಶಾಸ್ತ್ರದ ಒಂದೇ ಒಂದು ಶಬ್ದ ಬಳಸದೆ ಹೇಳಿದರು. "ಮುದುಕರಿಗೆ ಸ್ನಾನ ಮಾಡಿಸ್ತೀರಲ್ಲ ಸರ್, ಹಾಗೆ ಮಾಡಬೇಕು. ಸ್ಟೀಲ್ ಪಾತ್ರೆ ತಿಕ್ಕಿದ ಹಾಗೆ ಅಲ್ಲ."

ಹಾಗೆ ನನ್ನ ಪಾಠ ಶುರುವಾಯಿತು. ಮೊದಲು ಬರೀ ನೀರು ಹಾಕಿ ಕಲ್ಲು ಕುಡಿಯುವಷ್ಟು ಕುಡಿಸಬೇಕು. ಮೆತ್ತನೆಯ ನಾರಿನ ಬ್ರಷ್ಷಿನಲ್ಲಿ ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು. ಮೇಲಿನಿಂದ ಕೆಳಕ್ಕೆ ತೊಳೆದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆಗೆರೆಯಾಗಿ ಕೂರುತ್ತದೆ. ಅಕ್ಷರದ ಸಂದಿಗೆ ಬಿದಿರಿನ ಕಡ್ಡಿ, ಅದರ ತುದಿಯೂ ಮೊಂಡಾಗಿರಬೇಕು. ಕಲ್ಲು ಪುಡಿಪುಡಿ ಉದುರುತ್ತಿದ್ದರೆ, ಬಡಿದಾಗ ಒಳಗೆ ಟೊಳ್ಳು ಸದ್ದು ಬಂದರೆ, ತೊಳೆಯುವುದೇ ಬೇಡ. "ಅದನ್ನು ಮುಟ್ಟದೆ ಇರುವುದೇ ಅದಕ್ಕೆ ಮದ್ದು."

ನಾನು ಮೂರು ವಾರ ಕೆಳಗಿನಿಂದ ಮೇಲಕ್ಕೆ ತೊಳೆದೆ. ಮನೆಯಲ್ಲಿ ಕಾರನ್ನೂ ಹಾಗೇ ತೊಳೆಯತೊಡಗಿದಾಗ ಹೆಂಡತಿ ಮಗಳಿಗೆ ಫೋನ್ ಮಾಡಿದಳು.

ಸ್ಮಶಾನ ಎಂದರೆ ಕಲ್ಲುಗಳ ಸಂತೆ ಎಂದು ಗೊತ್ತಾದದ್ದು ಆ ದಿನಗಳಲ್ಲೇ. ಬಡವರದೂ ಹಳಬರದೂ ಮುರಕಲ್ಲಿನ ಗೋರಿ, ಮೇಲೆ ಚಿಪ್ಪುಸುಣ್ಣದ ಗಾರೆ. ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಡಿದ ಮೇಲೆ ಗಟ್ಟಿಯಾಗುವ ವಿಚಿತ್ರ ಜೀವಿ. ಅದಕ್ಕೆ ಅಂಗಿಯಂತೆ ಗಾರೆ ಬೇಕು, ಅಂಗಿ ಹರಿದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ನಮ್ಮ ಮಳೆ ಮೈಯನ್ನು ತೂತುತೂತು ಮಾಡುತ್ತದೆ. ಮಧ್ಯಮವರ್ಗದವರಿಗೆ ಕಣಶಿಲೆ, ದೊರೆಗಳಿಗೆ ಅಮೃತಶಿಲೆ. ಈಚಿನವರದು ಕನ್ನಡಿಯಂಥ ಕಪ್ಪು ಗ್ರಾನೈಟು; ಅದರಲ್ಲಿ ಸತ್ತವರ ಹೆಸರಿಗಿಂತ ಸ್ಪಷ್ಟವಾಗಿ ನೋಡುವವರ ಮುಖ ಕಾಣುತ್ತದೆ. ಚಾಮರಾಜನಗರದ ಆ ಕಪ್ಪು ಕಲ್ಲು ಹಡಗು ಹತ್ತಿ ಯುರೋಪಿನ ಸ್ಮಶಾನಗಳಿಗೂ ಹೋಗುತ್ತದೆ. ಅವರ ಮಕ್ಕಳು ನಮ್ಮ ಮುರಕಲ್ಲಿನ ಕೆಳಗೆ, ನಮ್ಮ ಕಲ್ಲು ಅವರ ಮೊಮ್ಮಕ್ಕಳ ಮೇಲೆ. ಆಮದು ರಫ್ತಿನ ಈ ಬಾಕಿಯನ್ನು ಹೊಂದಿಸುವ ಲೆಕ್ಕಿಗ ಯಾವ ಬ್ಯಾಂಕಿನಲ್ಲೂ ಇಲ್ಲ.

ಗೋರಿಗಳಿಗೆ ದೊಡ್ಡ ಶತ್ರು ಮಳೆಯಲ್ಲ, ನನ್ನಂಥ ಹಿತೈಷಿ. ಹಿಂದೊಮ್ಮೆ ಯಾರೋ ಹಿತೈಷಿಗಳು ಬಿರುಕುಗಳಿಗೆಲ್ಲ ಸಿಮೆಂಟ್ ಮೆತ್ತಿದ್ದರು. ಸಿಮೆಂಟು ಅಲುಗಾಡದೆ ನಿಂತಿತ್ತು; ಅದರ ಎರಡೂ ಬದಿಯ ಕಲ್ಲು ಮಾತ್ರ ಒಡೆದಿತ್ತು. ಮೇಸ್ತ್ರಿ ತೋರಿಸಿ ಹೇಳಿದರು: "ಕಲ್ಲು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ, ಒಳಗಿನ ಪಸೆ ಹೊರಗೆ ಬರಲಿಕ್ಕೆ ದಾರಿ ಹುಡುಕುತ್ತದೆ. ಸಿಮೆಂಟು ದಾರಿ ಬಿಡುವುದಿಲ್ಲ. ಸುಣ್ಣದ ಗಾರೆ ಬಿಡುತ್ತದೆ. ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು ಸರ್. ಜಗಳ ಬಂದರೆ ಸೋಲಬೇಕಾದ್ದು ಗಾರೆ. ಸೋತ ಗಾರೆಯನ್ನು ನಾವು ಇನ್ನೊಮ್ಮೆ ಮೆತ್ತಬಹುದು. ಸೋತ ಕಲ್ಲನ್ನು ಎಲ್ಲಿಂದ ತರ್ತೀರಿ?"

ಮದುವೆಯಾಗಿ ಮೂವತ್ತನಾಲ್ಕು ವರ್ಷದ ಮೇಲೆ ಈ ಮಾತು ಕೇಳಿದೆ. ನಮ್ಮ ಮನೆಯಲ್ಲಿ ಗಾರೆ ಯಾರು ಎಂಬುದು ಮೇಸ್ತ್ರಿಗೆ ಹೇಳಲಿಲ್ಲ.

ಒಡೆದ ಕಲ್ಲನ್ನು ಕಬ್ಬಿಣದ ಪಟ್ಟಿಯಿಂದ ಬಿಗಿಯುವುದೂ ಅಷ್ಟೇ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಒಳಗಿನಿಂದಲೇ ಉಬ್ಬಿ ಕಲ್ಲನ್ನು ಸೀಳುತ್ತದೆ. ಕೂಡಿಸಲು ಬಂದದ್ದೇ ಒಡೆಯುತ್ತದೆ. ಹಾಗಾಗಿ ತುಕ್ಕು ಹಿಡಿಯದ ಸ್ಟೀಲ್ ಕಡ್ಡಿ, ಜೊತೆಗೆ ಸುಣ್ಣ, ಮರಳು, ತಾಳ್ಮೆ. ಸುಣ್ಣ ವಾರಗಟ್ಟಲೆ ನೀರಿನಲ್ಲಿ ನೆನೆಯಬೇಕು, ಮೆತ್ತಿದ ಮೇಲೆ ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಬೇಕು. "ಈಸ್ಟರಿಗೆ ಆಗುತ್ತದಾ?" ಎಂದೆ. "ಯಾವ ವರ್ಷದ ಈಸ್ಟರ್?" ಎಂದರು.

ಇನ್ನು ಕಲ್ಲುಹೂವಿನ ವಿಚಾರ. ಕಲ್ಲಿನ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ಚಕ್ಕೆಗಳಾಗಿ ಬೆಳೆಯುವ ಇದು ಅಣಬೆ ಮತ್ತು ಪಾಚಿಯ ಕೂಡುಕುಟುಂಬ. ಇದರ ಬಳಗದ್ದೇ ಒಂದು ಜಾತಿ ನಮ್ಮ ಮಸಾಲೆ ಡಬ್ಬಿಯಲ್ಲಿ ಏಲಕ್ಕಿ, ಮರಾಟಿಮೊಗ್ಗಿನ ಪಕ್ಕ ಕೂತಿರುತ್ತದೆ. ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಹೇಳಬಾರದಿತ್ತು, ಹೇಳಿದೆ. ಅವತ್ತಿನಿಂದ ಬಿಸಿಬೇಳೆ ಬಾತ್ ಮಾಡುವಾಗೆಲ್ಲ ಹೆಂಡತಿ, "ಇದು ಅಂಗಡಿಯದು, ಗೋರಿಯದಲ್ಲ" ಎಂದು ಘೋಷಿಸಿಯೇ ಬಡಿಸುತ್ತಾಳೆ. ಕಲ್ಲುಹೂವನ್ನು ಕೆರೆದು ತೆಗೆಯುವ ಆತುರ ಎಲ್ಲರಿಗೂ. ಆದರೆ ಕೆರೆದರೆ ಅದರ ಜೊತೆ ಕಲ್ಲಿನ ಸಿಪ್ಪೆಯೂ ಬರುತ್ತದೆ. ಅದು ಬೆಳೆಯುವ ವೇಗವಂತೂ ಸರ್ಕಾರಿ ಕಡತದ್ದು: ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಮುಂದೆ ಹೋಗುವುದಿಲ್ಲ. ಆ ವೇಗವನ್ನು ಅಳೆಯಬೇಕಾದ ವಿಜ್ಞಾನಿಗಳು ಎಲ್ಲಿಗೆ ಹೋಗುತ್ತಾರೆ ಗೊತ್ತೆ? ಸ್ಮಶಾನಕ್ಕೆ. ಕಲ್ಲಿನ ಮೇಲೆ ಇಸವಿ ಇರುತ್ತದಲ್ಲ! ಇಸವಿ ನೋಡಿ, ಹೂವಿನ ಅಗಲ ಅಳೆದು, ವರ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಹಿಡಿದು ಹಿಮನದಿಗಳು ಯಾವಾಗ ಹಿಂದೆ ಸರಿದವು ಎಂದು ಬಂಡೆಗಳನ್ನು ಕೇಳುತ್ತಾರೆ.

ಇಸವಿ ಇದ್ದರೆ ಸರಿ. ಅಳಿಸಿಹೋಗಿದ್ದರೆ? ಸವೆದ ಅಕ್ಷರ ಓದುವುದಕ್ಕೆ ಕೆಲವರು ಕಲ್ಲಿಗೆ ಸೀಮೆಸುಣ್ಣ ಉಜ್ಜುತ್ತಾರೆ, ಶೇವಿಂಗ್ ಕ್ರೀಮ್ ಬಳಿಯುತ್ತಾರೆ. ಎರಡೂ ಕಲ್ಲಿಗೆ ಕೆಡುಕು. ಒಂದು ಕನ್ನಡಿ ಸಾಕು. ಬಿಸಿಲನ್ನು ಕನ್ನಡಿಯಿಂದ ಓರೆಯಾಗಿ, ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಹಾಯಿಸಿದರೆ ಇಲ್ಲವೆಂದುಕೊಂಡ ಅಕ್ಷರಗಳು ನೆರಳಾಗಿ ಎದ್ದು ನಿಲ್ಲುತ್ತವೆ. ಈ ವಿದ್ಯೆ ಕಲಿತ ಉತ್ಸಾಹದಲ್ಲಿ ನಾನು ಬಟ್ಟೆ ಕಪಾಟಿನ ಬಾಗಿಲಿನ ಕನ್ನಡಿಯನ್ನೇ ಬಿಚ್ಚಿಕೊಂಡು ಹೋಗಿ ನಾಲ್ಕು ದಿನ ಸಂಜೆ ಬಿಸಿಲಲ್ಲಿ ಗೋರಿಯಿಂದ ಗೋರಿಗೆ ಬೆಳಕು ಹಾಯಿಸಿದೆ. ಐದನೆಯ ದಿನ ಹಾಲಿನ ಡೇರಿಯಲ್ಲಿ ಸುದ್ದಿ: "ಮಿಶನ್ ಸ್ಮಶಾನದಲ್ಲಿ ಯಾವುದೋ ಬೆಳಕು ಓಡಾಡ್ತದಂತೆ. ಒಂದು ದೆವ್ವ ಕನ್ನಡಿ ನೋಡಿಕೊಂಡು ತಲೆ ಬಾಚುವುದನ್ನು ರಿಕ್ಷಾದವರು ಕಂಡಿದ್ದಾರೆ." ನನ್ನ ತಲೆಯಲ್ಲಿ ಬಾಚುವಂಥದ್ದೇನೂ ಉಳಿದಿಲ್ಲವಾದ್ದರಿಂದ ಸಂಶಯ ನನ್ನ ಮೇಲೆ ಬರಲಿಲ್ಲ.

ಕನ್ನಡಿಯಿಂದ ಓದಬೇಕಾಗಿಲ್ಲದ, ದೂರದಿಂದಲೇ ಕಾಣುವ ಗೋರಿಯೆಂದರೆ ನಮ್ಮ ಅಜ್ಜಿಯದು. ಗಾರೆಯ ಮೇಲೆ ಕೊರೆದ ಅಕ್ಷರ ಮಾಸಿದ್ದವೆಂದು ಇಪ್ಪತ್ತು ವರ್ಷದ ಹಿಂದೆ ಚಿಕ್ಕಪ್ಪ ಬಸ್ಸಿನ ಬೋರ್ಡು ಬರೆಯುವವನನ್ನು ಕರೆಸಿ ಕಪ್ಪು ಪೈಂಟು ತುಂಬಿಸಿದ್ದರು. ಮೂಲದಲ್ಲಿ ಇದ್ದದ್ದು 'ಕರ್ತನಲ್ಲಿ ನಿದ್ರಿಸುತ್ತಾರೆ'. ಅಷ್ಟರಲ್ಲಿ 'ದ್ರಿ'ಯ ಕೆಳಗಿನ ಒತ್ತು ಸವೆದುಹೋಗಿತ್ತು. 'ನಿ'ಯ ಪಕ್ಕ ಗಾರೆಯಲ್ಲೊಂದು ಗುಂಡಗಿನ ಹೊಂಡ ಬಿದ್ದಿತ್ತು. ಪೈಂಟರು ನಿಷ್ಠಾವಂತ. ಕಂಡ ಹೊಂಡವನ್ನೆಲ್ಲ ತುಂಬಿದ. ಹೊಂಡ ಸೊನ್ನೆಯಾಯಿತು, ಅಜ್ಜಿ 'ಕರ್ತನಲ್ಲಿ ನಿಂದಿಸುತ್ತಾರೆ' ಆದರು.

ಅಜ್ಜಿಯನ್ನು ಬಲ್ಲವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮೀನಿನವಳಿಂದ ಹಿಡಿದು ಸಭಾಪಾಲಕರವರೆಗೆ ಅಜ್ಜಿಯ ಬಾಯಿಗೆ ಬೀಳದವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಸ್ವರ್ಗದಲ್ಲಿ ವ್ಯವಸ್ಥೆ ಸರಿಯಿಲ್ಲದಿದ್ದರೆ ಹೇಳದೆ ಬಿಡುವ ಪೈಕಿಯೂ ಅಲ್ಲ. ಆದರೂ ಸಂಚಾಲಕನ ಮನೆಯ ಗೋರಿಯಲ್ಲೇ ಕಾಗುಣಿತ ತಪ್ಪು ಇರಬಾರದೆಂದು ಮೇಸ್ತ್ರಿಯನ್ನು ಕರೆದೆ. ಅವರು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿದರು. "ಪೈಂಟು ಕೀಳಬಹುದು ಸರ್. ಜೊತೆಗೆ ಗಾರೆಯೂ ಬರುತ್ತದೆ. ಆಮೇಲೆ ಅಜ್ಜಿ ನಿದ್ರಿಸುವುದೂ ಇಲ್ಲ, ನಿಂದಿಸುವುದೂ ಇಲ್ಲ." ಎಂಬತ್ತೈದರ ಚಿಕ್ಕಪ್ಪನನ್ನು ಕೇಳಿದೆ. "ಇರಲಿ ಬಿಡು ಮಗ," ಎಂದರು. "ಈಗ ಓದಿದರೆ ಅಮ್ಮನದೇ ಅಂತ ಗುರುತಾದರೂ ಸಿಗುತ್ತದೆ."

ಈ ಹುಚ್ಚು ನನಗೊಬ್ಬನಿಗೇ ಹತ್ತಿದ್ದಲ್ಲ ಎಂಬ ಸಮಾಧಾನಕ್ಕೆ ನಾನು ನೆನೆಯುವುದು ಸ್ಕಾಟ್‌ಲೆಂಡಿನ ರಾಬರ್ಟ್ ಪ್ಯಾಟರ್ಸನ್ ಎಂಬ ಕಲ್ಲುಕುಟಿಗನನ್ನು. 1715ರ ಸುಮಾರಿಗೆ ಹುಟ್ಟಿದವನು. ಕಲ್ಲುಕೋರೆಯೊಂದನ್ನು ನಡೆಸಿಕೊಂಡು, ಹೆಂಡತಿ ಐದು ಮಕ್ಕಳೊಡನೆ ನೆಟ್ಟಗಿದ್ದ. ತನ್ನ ಧರ್ಮಕ್ಕಾಗಿ ಹಿಂದಿನ ಶತಮಾನದಲ್ಲಿ ಪ್ರಾಣ ಕೊಟ್ಟವರ ಗೋರಿಗಳು ಅಲ್ಲಲ್ಲಿ ಪಾಚಿ ಹಿಡಿದು ಬಿದ್ದಿದ್ದವು. ಅವುಗಳ ಅಕ್ಷರ ಮತ್ತೆ ಕೆತ್ತಿ ಬರುತ್ತೇನೆಂದು ಹೋಗತೊಡಗಿದವನು ಒಂದು ಸಲ ಹೋದವನು ಮನೆಗೆ ಬರಲೇ ಇಲ್ಲ. ಒಂದು ತಟ್ಟು ಕುದುರೆಯ ಮೇಲೆ ಉಳಿ ಸುತ್ತಿಗೆ ಹೇರಿಕೊಂಡು ಸುಮಾರು ನಾಲ್ವತ್ತು ವರ್ಷ ಊರೂರು ತಿರುಗಿದ, ಯಾರಿಂದಲೂ ಕೂಲಿ ತೆಗೆದುಕೊಳ್ಳಲಿಲ್ಲ. ಹನ್ನೆರಡು ವರ್ಷದ ಹಿರಿಮಗನನ್ನು ತಾಯಿ ಅಪ್ಪನನ್ನು ಹುಡುಕಿ ಕರೆತರಲು ಕಳಿಸಿದಳು; ಹುಡುಗ ಹುಡುಕಿದ, ಅಪ್ಪ ಬರಲಿಲ್ಲ. ಆಕೆ ಕೊನೆಗೆ ಒಂದು ಚಿಕ್ಕ ಶಾಲೆ ನಡೆಸಿ ಮಕ್ಕಳನ್ನು ಸಾಕಿದಳು. ಸ್ಮಶಾನದಲ್ಲಿ ಕಲ್ಲು ಕೆತ್ತುತ್ತಿದ್ದ ಈ ಮುದುಕನನ್ನು ವಾಲ್ಟರ್ ಸ್ಕಾಟ್ ಕಂಡಿದ್ದ; ಜನ ಕರೆಯುತ್ತಿದ್ದ ಅಡ್ಡಹೆಸರನ್ನೇ 1816ರ 'ಓಲ್ಡ್ ಮಾರ್ಟಾಲಿಟಿ' ಕಾದಂಬರಿಗೆ ಇಟ್ಟ. 1801ರಲ್ಲಿ ಪ್ಯಾಟರ್ಸನ್ ತೀರಿಕೊಂಡ. ಊರಿನವರ ಗೋರಿಗಳಿಗೆಲ್ಲ ಅಕ್ಷರ ಕೊಟ್ಟವನ ತಲೆಯ ಮೇಲೆ ಒಂದು ಕಲ್ಲೂ ಇರಲಿಲ್ಲ. ಸ್ಕಾಟ್ ಹುಡುಕಿಸಿದರೂ ಜಾಗ ಸಿಗಲಿಲ್ಲ. ಅಂತೂ 1869ರಲ್ಲಿ ಸ್ಕಾಟನ ಪ್ರಕಾಶಕರು ಒಂದು ಕಲ್ಲು ನಿಲ್ಲಿಸಿದರು.

ಈ ಕಥೆಯನ್ನು ಹೆಂಡತಿಗೆ ಭಾವುಕನಾಗಿ ಹೇಳಿದೆ. ಅವಳು ಕೇಳಿದ್ದಿಷ್ಟು: "ಆ ಹೆಂಗಸಿಗೆ ಕಲ್ಲು ಯಾರು ಇಟ್ಟರು?"

ಇಂಗ್ಲೆಂಡಿನಲ್ಲಂತೂ ಕೆಲವು ವರ್ಷದ ಹಿಂದೆ ಗೋರಿಕಲ್ಲು ತಳ್ಳಿ ನೋಡುವುದೇ ಒಂದು ಉದ್ಯೋಗವಾಗಿತ್ತು. ಓರೆಯಾಗಿದ್ದ ಕಲ್ಲು ಬಿದ್ದು ಮಕ್ಕಳು ಸತ್ತದ್ದುಂಟು. ಅದರ ಭಯಕ್ಕೆ ಸ್ಥಳೀಯ ಆಡಳಿತದವರು ಸ್ಮಶಾನಕ್ಕೆ ಬಂದು ಕಲ್ಲುಗಳನ್ನು ತಳ್ಳಿ, ಅಲುಗಾಡಿದ್ದನ್ನೆಲ್ಲ ಮಲಗಿಸಿದರು. ಸಾವಿರಾರು ಕಲ್ಲು ಮಲಗಿದವು, ಸಂಬಂಧಿಕರು ಎದ್ದರು. 2009ರಲ್ಲಿ ಅಲ್ಲಿನ ನ್ಯಾಯ ಇಲಾಖೆಯೇ ಅಪಾಯ ಎಷ್ಟೋ ಅಷ್ಟೇ ಕ್ರಮ ಸಾಕು ಎಂದು ತಿಳಿಹೇಳಬೇಕಾಯಿತು. ನಮ್ಮಲ್ಲಿ ಈ ಪರೀಕ್ಷೆ ಬೇಡವಾಯಿತು. ನಮ್ಮ ಖಜಾಂಚಿಗಳು ತೊಂಬತ್ತೆಂಟು ಕಿಲೋ. ಅವರು ಮೊಬೈಲಿನಲ್ಲಿ ಮಾತಾಡುತ್ತಾ ಯಾವ ಕಲ್ಲಿಗೆ ಒರಗಿಯೂ ಅದು ನಿಂತಿತೋ ಅದು ಭದ್ರ ಎಂದು ನಾನು ಪಟ್ಟಿಯಲ್ಲಿ ಗುರುತು ಹಾಕಿಕೊಂಡೆ.

ದೂರ ಬಿದ್ದ ಸಂಬಂಧಗಳು ಒಮ್ಮೊಮ್ಮೆ ಹುಡುಕಿಕೊಂಡು ಬರುವುದೂ ಉಂಟು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಪಕ್ಕ ಗ್ಯಾರಿಸನ್ ಸ್ಮಶಾನವಿದೆ. 1799ರ ಯುದ್ಧದಲ್ಲೂ ಆಮೇಲೂ ಸತ್ತ ಯುರೋಪಿನವರ ಸುಮಾರು 300 ಗೋರಿಗಳು. ಅದರಲ್ಲಿ ದ ಮ್ಯೂರೋನ್ ಎಂಬ ಸ್ವಿಸ್ ಪಡೆಯವರೂ ಇದ್ದಾರೆ. ಮುಳ್ಳು ಬೆಳೆದು ಪಾಳುಬಿದ್ದಿದ್ದ ಜಾಗ ದ ಮ್ಯೂರೋನ್ ಮನೆತನದ ಇವತ್ತಿನ ತಲೆಮಾರಿನವರ ನೆರವಿನಿಂದ ಹದಿನೈದಿಪ್ಪತ್ತು ವರ್ಷದ ಹಿಂದೆ ಮತ್ತೆ ಗೋರಿಗಳ ರೂಪಕ್ಕೆ ಬಂತು. ನಮ್ಮ ಸ್ಮಶಾನಕ್ಕೆ ಹಾಗೆ ಯಾರೂ ಬಂದಿಲ್ಲ. ಬರಬಹುದೇನೋ ಎಂಬ ಭಯ ಮಾತ್ರ ನನಗೆ ಐವತ್ತು ವರ್ಷದಿಂದ ಇದೆ. ಬಾಕಿ ಸಾಲದ ವಿಷಯಕ್ಕೆ ಈಗ ಬಂದೆ.

ನನಗಾಗ ಹತ್ತು ವರ್ಷ. ಹೊಳೆಯಲ್ಲಿ ಗಾಳ ಹಾಕುವ ಹುಚ್ಚು. ಗಾಳದ ದಾರ ತೇಲದಂತೆ ಭಾರ ಕಟ್ಟಬೇಕು. ಸೀಸದ ಗುಂಡಿಗೆ ಅಂಗಡಿಯಲ್ಲಿ ದುಡ್ಡು ಕೊಡಬೇಕು. ನಮ್ಮ ಸ್ಮಶಾನದ ಮೂಲೆಯಲ್ಲೊಂದು ಚಿಕ್ಕ ಬಿಳಿ ಅಮೃತಶಿಲೆಯ ಫಲಕ. ಜರ್ಮನ್ ದಂಪತಿಗಳ ಮಗುವಿನದು. ಅದರಲ್ಲಿ ಅಕ್ಷರಗಳನ್ನು ಕೊರೆದು ಸೀಸ ತುಂಬಿದ್ದರು. ಸೀಸದ ಅಕ್ಷರ ವಯಸ್ಸಾದ ಹಲ್ಲಿನಂತೆ, ಒಂದು ಸಡಿಲವಾಗಿತ್ತು. ಕೊನೆಯ ಸಾಲಿನ ಕೊನೆಯ ಅಂಕಿ, ಎಂಟು. ಎಂಟಕ್ಕೆ ಎರಡು ತೂತು. ದಾರ ಕಟ್ಟಲು ಹೇಳಿ ಮಾಡಿಸಿದ ಹಾಗೆ. ಕೈವಾರದ ಮೊನೆಯಿಂದ ಎಬ್ಬಿಸಿದೆ. ಎರಡು ಭಾನುವಾರ ಅದರಿಂದ ಏರಿ ಮೀನು ಹಿಡಿದೆ. ಮೂರನೆಯ ಭಾನುವಾರ ದಾರ ಕಡಿದು ಎಂಟು ಹೊಳೆಯ ಪಾಲಾಯಿತು.

ಈಗ ಕೊಡ ಹಿಡಿದು ಆ ಫಲಕದ ಮುಂದೆ ಕೂತಾಗ ಗೊತ್ತಾಯಿತು ನಾನು ಕದ್ದದ್ದು ಏನೆಂದು. ಹುಟ್ಟಿದ ವರ್ಷ 1877. ಸತ್ತ ವರ್ಷ 187, ಆಮೇಲೆ ಒಂದು ಗುಳಿ. ಓದುವವರಿಗೆ ಆ ಮಗು ಕೆಲವೇ ದಿನ ಬದುಕಿತೋ, ಒಂದು ವರ್ಷವೋ, ಎರಡು ವರ್ಷವೋ ತಿಳಿಯುವ ದಾರಿ ಇಲ್ಲ. ಅಂಬೆಗಾಲಿಟ್ಟಿತೋ ಇಲ್ಲವೋ, ಒಂದು ಮಾತು ಆಡಿತೋ ಇಲ್ಲವೋ, ಆಡಿದ್ದರೆ ಜರ್ಮನ್ನೋ ಆಯಾ ಕಲಿಸಿದ ತುಳುವೋ. ಬದುಕಿದ್ದರೆ ಶಾಲೆಯ ವಯಸ್ಸಿಗೆ ಉಳಿದ ಮಿಶನ್ ಮಕ್ಕಳಂತೆ ಅದನ್ನೂ ಬಾಸೆಲಿನ ಮಕ್ಕಳ ಮನೆಗೆ ಹಡಗು ಹತ್ತಿಸುತ್ತಿದ್ದರು. ಈ ಮಗು ಎಲ್ಲಿಗೂ ಹೋಗಲಿಲ್ಲ. ಅದರ ಲೆಕ್ಕದಲ್ಲಿದ್ದ ಅಷ್ಟಿಷ್ಟನ್ನೂ ನಾನು ಏರಿ ಮೀನಿಗೆ ಮಾರಿದ್ದೆ.

ಮೇಸ್ತ್ರಿಗೆ ಹೇಳಿದೆ. ಅವರು ನಗಲಿಲ್ಲ. "ಎಂಟೇ ಅಂತ ಖಾತ್ರಿ ಉಂಟಾ? ಒಂಬತ್ತಕ್ಕೂ ಒಂದು ತೂತು ಇರುತ್ತದೆ. ಗೊತ್ತಿಲ್ಲದ್ದನ್ನು ಕಲ್ಲಿನಲ್ಲಿ ಬರೆಯಬಾರದು ಸರ್." ಹತ್ತು ವರ್ಷದ ಕಳ್ಳನ ಸಾಕ್ಷಿ ಸಾಕಾಗುವುದಿಲ್ಲ, ಬ್ಯಾಂಕಿನವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಭಾಪಾಲಕರಿಂದ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಪಡೆದು ಹಳೇ ಸಮಾಧಿ ರಿಜಿಸ್ಟರ್ ತೆಗೆಸಿದೆ. ಗೆದ್ದಲು ಅಂಚು ತಿಂದಿತ್ತು, ಸಾಲು ಉಳಿಸಿತ್ತು. 1878. ವಯಸ್ಸು: ಒಂದು ವರ್ಷ ಎರಡು ತಿಂಗಳು. ಅಂಬೆಗಾಲೇನು, ನಡೆದೂ ಇರಬೇಕು.

ಮೀನು ಬಂದರಿನ ಬಲೆ ಅಂಗಡಿಗೆ ಹೋಗಿ ಸೀಸದ ಗುಂಡು ಕೊಂಡೆ. "ಎಷ್ಟು ಬೇಕು?" ಎಂದ ಅಂಗಡಿಯವನು. "ಒಂದು ಎಂಟಕ್ಕೆ ಆಗುವಷ್ಟು" ಎಂದೆ. ಅವನು ಎಂಟು ಗುಂಡು ಎಣಿಸಿಕೊಟ್ಟ. ಮೇಸ್ತ್ರಿ ಅವನ್ನು ಕಬ್ಬಿಣದ ಸಟ್ಟುಗದಲ್ಲಿ ಕರಗಿಸಿ ಹಾಸುಗಲ್ಲಿನ ಮೇಲೆ ಹೊಯ್ದು ತಗಡು ಮಾಡಿದರು. ಗುಳಿಯೊಳಗೆ ಹಳೇ ಕುಶಲಿಗ ಓರೆಯಾಗಿ ಕೊರೆದಿದ್ದ ಪುಟ್ಟ ತೂತುಗಳು ಹಾಗೇ ಇದ್ದವು. ಸೀಸ ಬೇರಿನಂತೆ ಇಳಿದು ಹಿಡಿದುಕೊಳ್ಳಲೆಂದು ಮಾಡಿದವು. ತಗಡು ಇಟ್ಟು, ಮರದ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ನೀವೇ ಬಡಿಯಿರಿ. ಮೆಲ್ಲಗೆ. ಸೋಲಬೇಕಾದ್ದು ಸೀಸ." ನಾನು ಬಡಿದೆ. ಹೆಚ್ಚಾದದ್ದನ್ನು ಅವರು ಉಳಿಯಿಂದ ಸವರಿ ತೆಗೆದರು. ಎಂಟು ಕೂತಿತು, ಸ್ವಲ್ಪ ಹೊಟ್ಟೆ ಹೆಚ್ಚಾಗಿ, ಉಳಿದ ಮಾಸಲು ಅಂಕಿಗಳ ನಡುವೆ ಹೊಸ ಅಳಿಯನಂತೆ ಹೊಳೆಯುತ್ತಾ. ಮಳೆಗಾಲ ಬಂದರೆ ಅದೂ ಸರಿಹೋಗುತ್ತದೆ ಎಂದರು ಮೇಸ್ತ್ರಿ.

ಈಸ್ಟರಿಗೆ ನಲ್ವತ್ತರಲ್ಲಿ ಹನ್ನೊಂದು ಗೋರಿ ಮುಗಿದಿದ್ದವು. ಬೆಳಗಿನ ಜಾವ ಕತ್ತಲಲ್ಲೇ ಸ್ಮಶಾನದಲ್ಲಿ ಆರಾಧನೆ, ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಬಿಸಿಲು ಬಂದ ಮೇಲೆ ಖಜಾಂಚಿಗಳು ಬಂದು, "ಏನು ವ್ಯತ್ಯಾಸವೇ ಕಾಣುವುದಿಲ್ಲವಲ್ಲ?" ಎಂದರು. ಮೇಸ್ತ್ರಿ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಉಳಿದದ್ದಕ್ಕೆ ಮುಂದಿನ ಈಸ್ಟರ್ ಇದೆ, ಅದರ ಮುಂದಿನದೂ ಇದೆ.

ಮನೆಗೆ ಬಂದಾಗ ಏರಿ ಮೀನಿನ ಸಾರಿನ ಪರಿಮಳ. ನೇರ ತಟ್ಟೆಯ ಮುಂದೆ ಕೂತೆ.

"ಕಲ್ಲಿನ ಕೆಲಸ ಮಾಡಿದ ಕೈ ತೊಳೆದದ್ದಾಯ್ತಾ?" ಎಂದಳು ಹೆಂಡತಿ.

"ಕಲ್ಲಿನ ಕೆಲಸವೂ ಆಯ್ತು, ಕೈಯೂ ತೊಳೆದಾಯ್ತು," ಎಂದೆ. ಆತಕೂರಿನ ಗೊರವನ ಹಾಗೆ ಅವತ್ತು ನಿಶ್ಚಿಂತೆಯಿಂದ ಉಂಡೆ. ಬಚ್ಚಲಿನ ಟೈಲ್ಸಿನ ಪಾಪ ಮಾತ್ರ ತಲೆಯ ಮೇಲೆ ಹಾಗೇ ಇತ್ತು.